ಡೌನ್ ಸಿಂಡ್ರೋಮ್: ಅರವತ್ತಕ್ಕೆ ಮುಂಚೆಯೇ ಬರುವ ಮರೆವು

ಮನೆಮಂದಿಗೆಲ್ಲ ಊಟಕ್ಕೆ ತಟ್ಟೆ ಹಾಕುವುದು ಇಪ್ಪತ್ತು ವರ್ಷಗಳಿಂದ ಅವನ ಕೆಲಸ. ಈಗ ನಲವತ್ತೆಂಟರ ವಯಸ್ಸಿನಲ್ಲಿ, ಎರಡು ತಟ್ಟೆ ಹಾಕಿ ಮೂರನೆಯದನ್ನು ಕೈಯಲ್ಲಿ ಹಿಡಿದು ನಿಂತುಬಿಡುತ್ತಾನೆ. ಮೊಸಾಯಿಕ್ ನೆಲ ಮುಗಿದು ಕರಿಯ ಕಡಪಾ ಕಲ್ಲು ಶುರುವಾಗುವಲ್ಲಿ ಹಳ್ಳ ಕಂಡವನಂತೆ ಹಿಂಜರಿಯುತ್ತಾನೆ. ಹಟ ಜಾಸ್ತಿಯಾಗಿದೆ ಎನ್ನುತ್ತಾರೆ ಮನೆಯವರು. ಇಂಥವರು ಇರುವುದೇ ಹೀಗೆ ಎನ್ನುತ್ತಾರೆ ವೈದ್ಯರು. ಹುಟ್ಟಿನಿಂದಲೇ ಬಂದು ಬುದ್ಧಿಯ ಬೆಳವಣಿಗೆಯನ್ನು ನಿಧಾನಿಸುವ ಡೌನ್ ಸಿಂಡ್ರೋಮ್ ಇರುವ ವಯಸ್ಕರಲ್ಲಿ, ನೆನಪು ಮತ್ತು ಬುದ್ಧಿ ಕ್ರಮೇಣ ಕುಂದುವ ಡಿಮೆನ್ಷಿಯಾದ ಮೊದಲ ಸುಳಿವು ಕೈತಪ್ಪುವುದು ಈ ಎರಡು ಮಾತುಗಳ ನಡುವೆ.

ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಈ ಸ್ಥಿತಿಯನ್ನು ವಿವರಿಸಿದ್ದು 1866ರಲ್ಲಿ. ಇವರಿಗೆ ಮುಪ್ಪು ಬೇಗ ಎರಗುತ್ತದೆಂದು ವೈದ್ಯರಾದ ಫ್ರೇಜರ್ ಮತ್ತು ಮಿಚೆಲ್ 1876ರಲ್ಲೇ ಬರೆದರು. 21ನೇ ಕ್ರೋಮೋಸೋಮ್ ಎರಡರ ಬದಲು ಮೂರಿರುತ್ತದೆಂದು 1959ರಲ್ಲಿ ತಿಳಿಯಿತು. ಆದರೂ ಮರೆವಿನ ಪ್ರಶ್ನೆ ದೊಡ್ಡದಾಗಲಿಲ್ಲ, ಏಕೆಂದರೆ ಮರೆವು ಬರುವಷ್ಟು ಕಾಲ ಬದುಕುತ್ತಿದ್ದವರೇ ಕಡಿಮೆ. ಅಮೆರಿಕದಲ್ಲಿ 1983ರ ಸುಮಾರಿಗೂ ಇವರ ಆಯಸ್ಸು 25ರ ಆಸುಪಾಸಿನಲ್ಲಿತ್ತು. ಇವರಲ್ಲಿ ಹಲವರಿಗೆ ಹುಟ್ಟಿನಿಂದಲೇ ಇರುವ ಹೃದಯದ ದೋಷಕ್ಕೆ ಶಸ್ತ್ರಚಿಕಿತ್ಸೆ ಕೈಗೆಟುಕಿದ ಮೇಲೆ ಅದು ಅರವತ್ತರ ಹತ್ತಿರ ಬಂದಿದೆ.

1984ರಲ್ಲಿ ಅಮೆರಿಕದ ಸಂಶೋಧಕರಾದ ಗ್ಲೆನ್ನರ್ ಮತ್ತು ವಾಂಗ್, ಡೌನ್ ಸಿಂಡ್ರೋಮ್ ಇದ್ದವರ ಮಿದುಳಿನಲ್ಲಿಯೂ, ಡಿಮೆನ್ಷಿಯಾದ ಮುಖ್ಯ ಬಗೆಯಾದ ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿರುವ ಅಮಿಲಾಯ್ಡ್ ಪ್ರೋಟೀನನ್ನೇ ಕಂಡರು. ಅದಕ್ಕೆ ಮೂಲವಾದ ಜೀನ್ 21ನೇ ಕ್ರೋಮೋಸೋಮಿನ ಮೇಲೇ ಇದೆಯೆಂಬುದು 1987ರಲ್ಲಿ ಖಚಿತವಾಯಿತು. ಜೀನ್ ಮೂರು ಪ್ರತಿ ಇದ್ದರೆ ಪ್ರೋಟೀನೂ ಹೆಚ್ಚು. ನಲವತ್ತರ ಹೊತ್ತಿಗೆ ಬಹುತೇಕ ಎಲ್ಲರ ಮಿದುಳಿನಲ್ಲೂ ಅದು ಗಟ್ಟಿಗಟ್ಟಿಯಾಗಿ ಸೇರಿರುತ್ತದೆ. ಅರವತ್ತಕ್ಕೆ ಅರಳುಮರಳು ಎಂಬ ನಮ್ಮ ಲೆಕ್ಕ ಇವರಿಗೆ ಹೊಂದುವುದಿಲ್ಲ. ರೋಗ ಪತ್ತೆಯಾಗುವುದು ಸರಾಸರಿ ಐವತ್ತರಿಂದ ಐವತ್ತೈದರ ನಡುವೆ.

ಕಾರಣ ತಿಳಿಯಿತು. ಗುರುತಿಸುವುದು ಹೇಗೆ? ಇಲ್ಲಿಂದಲೇ ನಿಜವಾದ ಗೋಜಲು. ಇವತ್ತು ಎಷ್ಟನೇ ತಾರೀಖು, ನೂರರಿಂದ ಏಳು ಕಳೆಯಿರಿ ಎಂಬ ಮಾಮೂಲಿ ಪರೀಕ್ಷೆ, ಮೊದಲೂ ಲೆಕ್ಕ ಮಾಡದಿದ್ದವನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅವನನ್ನು ಹೋಲಿಸಬೇಕಾದದ್ದು ನಿನ್ನೆಯ ಅವನೊಂದಿಗೇ. ಹಾಗಾಗಿ ನೋಡಿಕೊಳ್ಳುವವರನ್ನೇ ಕೇಳುವ ಪ್ರಶ್ನಾವಳಿಗಳು ನೆದರ್ಲೆಂಡ್ಸ್, ಬ್ರಿಟನ್, ಅಮೆರಿಕಗಳಲ್ಲಿ ಒಂದೊಂದಾಗಿ ರೂಪುಗೊಂಡವು. ಕೇಂಬ್ರಿಜ್‌ನ ಸಂಶೋಧಕರು ಇನ್ನೊಂದನ್ನು ತೋರಿಸಿದರು: ಹಲವರಲ್ಲಿ ಮರೆವಿಗಿಂತ ಮೊದಲು ಬದಲಾಗುವುದು ಸ್ವಭಾವ. ಮಾತು ಕಡಿಮೆಯಾಗುತ್ತದೆ, ಇಷ್ಟದ ಹಾಡಿಗೂ ತಲೆಯೆತ್ತುವುದಿಲ್ಲ, ಕೆಲಸದ ಹಂತಗಳ ಕ್ರಮ ತಪ್ಪುತ್ತದೆ. ನಲವತ್ತು ದಾಟಿದ ಮೇಲೆ ಮೊದಲ ಬಾರಿಗೆ ಫಿಟ್ಸ್ ಬಂದರಂತೂ ತಡಮಾಡಬಾರದು.

ಹಾಗೆಂದು ಎಲ್ಲವೂ ಡಿಮೆನ್ಷಿಯಾ ಅಲ್ಲ. ಥೈರಾಯ್ಡ್ ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕಿವಿ ಮಂದವಾಗುವುದು, ಕಣ್ಣಿನ ಪೊರೆ, ಖಿನ್ನತೆ ಎಲ್ಲವೂ ಇವರಲ್ಲಿ ಸಾಮಾನ್ಯ, ಎಲ್ಲವೂ ಮಂಕು ಕವಿಸುತ್ತವೆ, ಎಲ್ಲಕ್ಕೂ ಚಿಕಿತ್ಸೆ ಇದೆ. ಇವನ್ನು ಪರೀಕ್ಷಿಸದೆ ಕೈಚೆಲ್ಲುವುದು, ರೋಗವನ್ನು ಕಾಣದೇ ಹೋಗುವಷ್ಟೇ ದೊಡ್ಡ ಅನ್ಯಾಯ.

2020ರಲ್ಲಿ ಅಮೆರಿಕದ ತಜ್ಞರು ರೂಪಿಸಿದ ಮಾರ್ಗಸೂಚಿ, ನಲವತ್ತರಿಂದ ಪ್ರತಿವರ್ಷ ತಪಾಸಣೆ ನಡೆಸಬೇಕೆನ್ನುತ್ತದೆ. ಅದಕ್ಕೂ ಮೊದಲು, ಮೂವತ್ತರ ಸುಮಾರಿಗೆ, ಚೆನ್ನಾಗಿರುವಾಗಿನ ಸ್ಥಿತಿಯನ್ನು ದಾಖಲಿಸಿಡುವುದು ಒಳ್ಳೆಯದು. ನಮ್ಮಲ್ಲಿ ಅಂಗವೈಕಲ್ಯ ಪ್ರಮಾಣಪತ್ರದಲ್ಲಿರುವುದು ಶೇಕಡಾವಾರು ಅಂಕಿ. ಅಂಗಿಯ ಗುಂಡಿ ಯಾರು ಹಾಕುತ್ತಿದ್ದರೆಂಬುದು ಅದರಲ್ಲಿರುವುದಿಲ್ಲ. ಒಂದು ನೋಟುಪುಸ್ತಕ, ಮೊಬೈಲಿನಲ್ಲಿ ವರ್ಷಕ್ಕೊಂದು ವಿಡಿಯೊ ಸಾಕು: ಚಪ್ಪಲಿ ಮೆಟ್ಟುವುದು, ಚಿಲ್ಲರೆ ಎಣಿಸುವುದು, ತಟ್ಟೆ ಹಾಕುವುದು.

ಇಂದು ಬಹಳ ಮನೆಗಳಲ್ಲಿ ಆ ದಾಖಲೆ ಇರುವುದು ಎಂಬತ್ತು ದಾಟಿದ ತಾಯಿಯ ನೆನಪಿನಲ್ಲಿ. ತಾಯಿ ತೀರಿಕೊಂಡ ಮೇಲೆ ಅವನು ಅಣ್ಣನ ಮನೆಗೆ ಬರುತ್ತಾನೆ, ಮಂಕಾಗುತ್ತಾನೆ. ಅದು ದುಃಖವೋ ರೋಗವೋ ತಿಳಿಯಲು ವೈದ್ಯರು, "ಮೊದಲು ಸ್ನಾನ ಮಾಡಿ ತಾನೇ ಬಟ್ಟೆ ಹಾಕಿಕೊಳ್ಳುತ್ತಿದ್ದನೇ?" ಎಂದು ಕೇಳುತ್ತಾರೆ. ಅತ್ತಿಗೆ ಅಣ್ಣನ ಮುಖ ನೋಡುತ್ತಾರೆ.