ಟ್ರಾನ್ಸ್‌ಫರ್ ಚೀಟಿಯಲ್ಲೇ ಇದೆ ಬಿಪಿಯ ಸುಳಿವು

ಐವಿಎಫ್‌ನಿಂದ (ಅಂಡ, ವೀರ್ಯ ಲ್ಯಾಬ್‌ನಲ್ಲಿ ಕೂಡಿಸಿ ಭ್ರೂಣವನ್ನು ಗರ್ಭಕೋಶದಲ್ಲಿಡುವ ಚಿಕಿತ್ಸೆ) ಬಸಿರಾದವರ ತಾಯಿ ಕಾರ್ಡ್‌ನಲ್ಲಿ ಕೊನೆಯ ಮುಟ್ಟಿನ ದಿನ ನೋಡಿ ವಾರ ಎಣಿಸಬಾರದು. ಭ್ರೂಣ ಒಳಗಿಟ್ಟಾಗ (ಟ್ರಾನ್ಸ್‌ಫರ್) ಆಸ್ಪತ್ರೆ ಕೊಟ್ಟ ಚೀಟಿ ನೋಡಿ: ಐದನೇ ದಿನದ ಭ್ರೂಣ ಇಟ್ಟಿದ್ದರೆ ಟ್ರಾನ್ಸ್‌ಫರ್ ಆದ ದಿನಕ್ಕೆ 261 ದಿನ ಕೂಡಿಸಿ, ಮೂರನೇ ದಿನದ್ದಾದರೆ 263. ಅದೇ ಹೆರಿಗೆಯ ದಿನ. ಲೆಕ್ಕ ಹತ್ತು ದಿನ ತಪ್ಪಿದರೆ ಮುಂದೆ ‘ಮಗು ಬೆಳೆದಿಲ್ಲ’ ಎಂಬ ಸುಳ್ಳು ಗಾಬರಿ, ಇಲ್ಲವೇ ನಿಜವಾಗಿ ಬೆಳೆಯದ ಮಗು ಕಣ್ತಪ್ಪುವುದು.

ಚೀಟಿಯಲ್ಲಿ ಮುಂದೆ ನೋಡಬೇಕಾದದ್ದು ಸೈಕಲ್ ಯಾವುದೆಂದು, ಅಂದರೆ ಸಹಜ ಮುಟ್ಟಿನ ಸುತ್ತೋ ಮಾತ್ರೆ ಕೊಟ್ಟು ನಡೆಸಿದ್ದೋ. ಫ್ರೀಜ್ ಮಾಡಿದ ಭ್ರೂಣವನ್ನು ಸಹಜ ಸೈಕಲ್‌ನಲ್ಲಿ ಇಟ್ಟರೆ, ಅಂಡ ಹೊರಬಂದ ಜಾಗದಲ್ಲಿ ಕಾರ್ಪಸ್ ಲ್ಯೂಟಿಯಮ್ ಎಂಬ ಹಳದಿ ಗಂಟು ಇರುತ್ತದೆ. ಎಸ್ಟ್ರಾಡಿಯೋಲ್ ಹಾರ್ಮೋನಿನ 2 ಮಿ.ಗ್ರಾಂ ಮಾತ್ರೆ ದಿನಕ್ಕೆ ಮೂರರಂತೆ ಕೊಟ್ಟು ಗರ್ಭಕೋಶದ ಒಳಪದರ ಬೆಳೆಸಿದರೆ ಸಾಮಾನ್ಯವಾಗಿ ಅಂಡವೇ ಬಿಡುಗಡೆಯಾಗದು, ಗಂಟೂ ಇಲ್ಲ. ಆ ಗಂಟು ಕೊಡಬೇಕಿದ್ದ, ಬಸಿರು ಉಳಿಸುವ ಹಾರ್ಮೋನ್ ಪ್ರೊಜೆಸ್ಟರಾನನ್ನು ಹೊರಗಿನಿಂದ ತುಂಬುತ್ತೇವೆ. ಅದೇ ಗಂಟು ಕೊಡುವ, ರಕ್ತನಾಳ ಸಡಿಲಿಸುವ ರಿಲಾಕ್ಸಿನ್ ಮಾತ್ರ ಆ ಔಷಧಗಳಲ್ಲಿಲ್ಲ. ಇವರಲ್ಲಿ ಪ್ರೀ-ಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿಪಿ ಏರಿ ತಾಯಿ, ಮಗುವಿಗೆ ಅಪಾಯ ತರುವ ಕಾಯಿಲೆ) ಹೆಚ್ಚು ಕಾಣುವುದಕ್ಕೆ ಇದೇ ಕಾರಣವಿರಬೇಕೆಂಬುದು ಇಂದಿನ ತಿಳಿವಳಿಕೆ. ಮುಟ್ಟು ಸರಿಯಾಗಿ ಆಗುವವರಿಗೂ ಮಾತ್ರೆ ಸೈಕಲ್ ಬರೆಯುವುದು ಎಷ್ಟೋ ಸಲ ದಿನ ಗೊತ್ತುಮಾಡಲು ಸುಲಭವೆಂದು. ಟ್ರಾನ್ಸ್‌ಫರ್‌ಗೆ ಮೊದಲೇ ಕೇಳಿ.

ಐವಿಎಫ್ ಒಂದೇ ಕಾರಣಕ್ಕೆ, ಈ ಕಾಯಿಲೆ ತಡೆಯಲು ಕೊಡುವ ಆಸ್ಪಿರಿನ್ ಬರೆಯುವುದಿಲ್ಲ. ಜೊತೆಗೆ ಮೊದಲ ಬಸಿರು, 35 ಅಥವಾ ಹೆಚ್ಚಿನ ವಯಸ್ಸು, 30 ದಾಟಿದ ಬಿಎಂಐ (ಎತ್ತರಕ್ಕೆ ತೂಕದ ಅಳತೆ) ಇವುಗಳಲ್ಲೊಂದು ಸೇರಿದರೆ ಬೇಕಾಗುತ್ತದೆ (ಐವಿಎಫ್‌ಗೆ ಬರುವವರಲ್ಲಿ ಒಂದೂ ಇಲ್ಲದವರು ಅಪರೂಪವೇ). ಅವಳಿಯಾದರೆ ಅದೊಂದೇ ಸಾಕು. ದಾನಿಯ ಅಂಡವಾದರೆ ಬಿಪಿಯ ಭಯ ಇನ್ನೂ ಹೆಚ್ಚು. ಸಾಮಾನ್ಯ ಡೋಸ್ 150 ಮಿ.ಗ್ರಾಂ, ರಾತ್ರಿ ಹೊತ್ತು. ಶುರು 12ನೇ ವಾರಕ್ಕೆ, 16 ಮೀರಬಾರದು, 36ಕ್ಕೆ ನಿಲ್ಲಿಸುವುದು. ಎಡವಟ್ಟು ಆಗುವುದು ಇಲ್ಲೇ: ಟ್ರಾನ್ಸ್‌ಫರ್ ಹೊತ್ತಿಗೇ 75 ಮಿ.ಗ್ರಾಂ ಆಸ್ಪಿರಿನ್ ಕೊಟ್ಟಿರುತ್ತಾರೆ, 12 ವಾರಕ್ಕೆ ಪ್ರೊಜೆಸ್ಟರಾನ್ ನಿಲ್ಲಿಸುವಾಗ ಅದೂ ನಿಂತುಹೋಗುತ್ತದೆ, ಸರಿಯಾಗಿ ಬೇಕಾದ ಹೊತ್ತಿಗೆ. ಹಾಗೆಯೇ ಮಾತ್ರೆ ಸೈಕಲ್‌ನವರು ಏಳನೇ ವಾರದಲ್ಲಿ ತಾವಾಗಿ ಪ್ರೊಜೆಸ್ಟರಾನ್ ಬಿಟ್ಟರೆ ಗರ್ಭಪಾತವಾಗಬಹುದು. ಮಾಸು ಆ ಕೆಲಸವನ್ನು ಪೂರ್ತಿ ವಹಿಸಿಕೊಂಡಿರುವುದಿಲ್ಲ.

ಗರ್ಭಕೋಶದೊಳಗೇ ಬಿಟ್ಟ ಭ್ರೂಣವೂ ಅಂಡನಾಳಕ್ಕೆ ಜಾರಬಹುದು. ಎರಡು ಇಟ್ಟಾಗ ಒಂದು ಒಳಗೆ, ಇನ್ನೊಂದು ನಾಳದಲ್ಲಿ ನೆಲೆಸುವುದುಂಟು. 6–7 ವಾರದ ಸ್ಕ್ಯಾನ್‌ನಲ್ಲಿ ಹೃದಯಬಡಿತ ಕಂಡ ಖುಷಿಯಲ್ಲಿ ಪ್ರೋಬ್ ತೆಗೆದುಬಿಟ್ಟರೆ ಇದು ತಪ್ಪಿಹೋಗುತ್ತದೆ. ಒಳಗಿನ ಗರ್ಭದಿಂದಾಗಿ, ರಕ್ತಪರೀಕ್ಷೆಯಲ್ಲಿ ನೋಡುವ ಬಸಿರಿನ ಹಾರ್ಮೋನ್ ಬೀಟಾ ಎಚ್‌ಸಿಜಿಯೂ ಸರಿಯಾಗಿಯೇ ಏರುತ್ತಿರುತ್ತದೆ. ಎರಡೂ ಬದಿಯ ನಾಳದ ಜಾಗ ನೋಡಿದ್ದು ರಿಪೋರ್ಟ್‌ನಲ್ಲಿರಲಿ.

20ನೇ ವಾರದ ಸ್ಕ್ಯಾನ್‌ನಲ್ಲಿ ಮಾಸು ಗರ್ಭಕೋಶದ ಬಾಯಿಗೆ 2 ಸೆಂ.ಮೀ.ಗಿಂತ ಹತ್ತಿರವಿದೆಯೇ, ಹೊಕ್ಕುಳಬಳ್ಳಿ ಎಲ್ಲಿ ಕೂಡಿದೆ ಎಂದು ಕೇಳಿ. ಹತ್ತಿರವಿದ್ದರೆ 32ನೇ ವಾರಕ್ಕೆ ಮತ್ತೊಮ್ಮೆ ಸ್ಕ್ಯಾನ್.

ಮನೆಯಲ್ಲಿ ಬಿಪಿ ನೋಡುವಾಗ ಐದು ನಿಮಿಷ ಒರಗಿ ಕೂತು, ತೋಳು ಎದೆಮಟ್ಟದಲ್ಲಿರಲಿ. 140/90 ಬಂದರೆ ಅಂದೇ ಡಾಕ್ಟರಿಗೆ ತಿಳಿಸಿ. 160/110, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು ಇದ್ದರೆ ಬೆಳಗಿನ ಓಪಿಡಿಗೆ ಕಾಯಬೇಡಿ. ಆ ಚೀಟಿ ಹಿಡಿದು ಹೊರಡಿ.