ಎರಡನೆಯ ಮೊಟ್ಟೆಯ ಲೆಕ್ಕ

ಪೆಂಗ್ವಿನ್‌ಗಳ ಸಾಕ್ಷ್ಯಚಿತ್ರ ನೋಡಿದವರಿಗೆಲ್ಲ ಸ್ಕುವಾ ಮೇಲೆ ಸಿಟ್ಟು. ಮರಿಯನ್ನು ಎಳೆದೊಯ್ಯುವ ಆ ಕಂದು ಹಕ್ಕಿಯನ್ನು ಮಕ್ಕಳು ರಾಕ್ಷಸ ಎಂದರೆ ದೊಡ್ಡವರೂ ಹೌದೆನ್ನುತ್ತಾರೆ. ಅದು ಅನ್ಯಾಯ. ಅಂಟಾರ್ಕ್ಟಿಕಾದ ರಾಸ್ ದ್ವೀಪದಲ್ಲಿ ಪೆಂಗ್ವಿನ್ ನೆಲೆಯ ಪಕ್ಕದಲ್ಲೇ ಗೂಡು ಮಾಡುವ ದಕ್ಷಿಣ ಧ್ರುವ ಸ್ಕುವಾಗಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ಗಮನಿಸಿದ್ದಾರೆ. ಪೆಂಗ್ವಿನ್ ಮೊಟ್ಟೆ, ಮರಿ ಸಿಕ್ಕರೆ ಬಿಡುವುದಿಲ್ಲ, ನಿಜ. ಆದರೆ ಅಲ್ಲಿ ಅವುಗಳ ಮುಖ್ಯ ಊಟ ಸಮುದ್ರದ ಮೀನು.

ರೆಕ್ಕೆ ಬಿಚ್ಚಿದರೆ ಸುಮಾರು 130 ಸೆಂ.ಮೀ.; ತೂಕ ಒಂದು ಕಿಲೋಗಿಂತ ತುಸು ಹೆಚ್ಚು. ಕೊಕ್ಕಿನ ತುದಿ ಕೆಳಕ್ಕೆ ಬಾಗಿದೆ, ಹಾರುವಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ ಹೊಳೆಯುತ್ತದೆ. ಕಾಲನ್ನಂತೂ ನೋಡಬೇಕು: ಬಾತುಕೋಳಿಯ ಜಾಲಪಾದ, ಅದರ ತುದಿಗೆ ಹದ್ದಿನಂಥ ಉಗುರು!

ಎಂಥ ಜಾಗದಲ್ಲಿ ಬದುಕುತ್ತದೆ ಗೊತ್ತೆ? 1912ರ ಜನವರಿಯಲ್ಲಿ, ಮೊದಲ ಬಾರಿಗೆ ದಕ್ಷಿಣ ಧ್ರುವ ಮುಟ್ಟಿ ಮರಳುತ್ತಿದ್ದ ನಾರ್ವೆಯ ಅಮುಂಡ್ಸನ್ ತಂಡಕ್ಕೆ ಕಡಲಿನಿಂದ ಬಹುದೂರ, ಬರೀ ಹಿಮದ ನಡುವೆ ಎರಡು ಸ್ಕುವಾ ಎದುರಾಗಿದ್ದವು. ಅಂಟಾರ್ಕ್ಟಿಕಾದಲ್ಲಿ ಭಾರತದ ಸಂಶೋಧನಾ ನಿಲ್ದಾಣ ಮೈತ್ರಿ ಇರುವ, ಹಿಮವಿಲ್ಲದ ಕಲ್ಲುನೆಲವಾದ ಶಿರ್ಮಾಕರ್ ಓಯಸಿಸ್‌ನ ಕಲ್ಲುಗಳ ನಡುವೆಯೂ ಇವು ಗೂಡು ಮಾಡುತ್ತವೆ.

ಗೂಡೆಂದರೆ ನೆಲ ಕೆದಕಿದ ಒಂದು ಗುಳಿ, ಅದರಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆ. ನನ್ನನ್ನು ಬಿಡದೆ ಕಾಡಿದ್ದು ಈ ಎರಡನೆಯದು. ಮೊದಲ ಮೊಟ್ಟೆ ಇಟ್ಟ ಕೂಡಲೇ ಕಾವು ಶುರು. ಸುಮ್ಮನೆ ಬಿಟ್ಟರೆ ಚಳಿಗೆ ಹೆಪ್ಪುಗಟ್ಟುತ್ತದೆ, ಇಲ್ಲವೇ ನೆರೆಯ ಸ್ಕುವಾವೇ ತಿಂದುಹಾಕುತ್ತದೆ. ಹೀಗಾಗಿ ಸುಮಾರು ನಾಲ್ಕು ವಾರದ ಬಳಿಕ ಮೊದಲ ಮರಿ ಒಂದೆರಡು ದಿನ ಮುಂಚೆಯೇ ಹೊರಬರುತ್ತದೆ. ಆ ಒಂದೆರಡು ದಿನವೇ ಎಲ್ಲ. ದೊಡ್ಡದು ಚಿಕ್ಕದನ್ನು ಕುಕ್ಕಿ ಕುಕ್ಕಿ ಗೂಡಿನಿಂದ ದೂರ ಅಟ್ಟುತ್ತದೆ, ತಾಯ್ತಂದೆ ತಡೆಯುವುದಿಲ್ಲ.

ಕ್ರೌರ್ಯವೆ? ನಮ್ಮ ರೈತ ಗುಣಿಗೆ ಎರಡು ಬೀಜ ಹಾಕುವುದಿಲ್ಲವೆ? ಎರಡೂ ಮೊಳೆತರೆ ಒಂದನ್ನು ಕೀಳುತ್ತಾನೆ. ಒಂದು ಹುಸಿಯಾದರೆ ಇನ್ನೊಂದು ಗುಣಿ ತುಂಬುತ್ತದೆ. ಅಥವಾ ಲಾರಿಯ ಸ್ಟೆಪ್ನಿ ಎನ್ನಿ: ಬೇಕಾಗದಿರಲಿ ಎಂದೇ ಹೊತ್ತು ತಿರುಗುವ ಚಕ್ರ. ಆದರೆ ಸ್ಟೆಪ್ನಿ ಸುಮ್ಮನೆ ಮಲಗಿರುತ್ತದೆ, ಈ ಮರಿ ತನ್ನ ಪಾಲಿಗೂ ಬಾಯಿ ತೆರೆಯುತ್ತದೆ. ಆದ್ದರಿಂದ ಬೀಜದ ಹೋಲಿಕೆಯೇ ಸರಿ. ಮೀನು ಧಾರಾಳವಾದ ವರ್ಷ ಹಸಿವು ಕಡಿಮೆ, ಜಗಳವೂ ಕಡಿಮೆ. ಆಗ ಎರಡೂ ಉಳಿಯಬಹುದು. ಮೀನು ಎಷ್ಟು ಸಿಕ್ಕೀತೆಂದು ಮೊಟ್ಟೆ ಇಡುವಾಗ ತಾಯಿಗೆ ತಿಳಿಯದು. ಎರಡಿಟ್ಟು ನೋಡುತ್ತಾಳೆ, ಉಳಿದದ್ದನ್ನು ಕಡಲು ತೀರ್ಮಾನಿಸುತ್ತದೆ.

ಉಳಿದ ಮರಿ ಚಳಿಗಾಲಕ್ಕೆ ಮುಂಚೆ ಉತ್ತರದ ಸಮುದ್ರಗಳತ್ತ ಹಾರುತ್ತದೆ. ಅಂಟಾರ್ಕ್ಟಿಕಾದಲ್ಲಿ ಕಾಲಿಗೆ ಉಂಗುರ ತೊಡಿಸಿದ್ದ ಮರಿಯೊಂದು ಭೂಮಿಯ ಇನ್ನೊಂದು ತುದಿಯ ಗ್ರೀನ್‌ಲ್ಯಾಂಡ್‌ನಲ್ಲಿ ಸಿಕ್ಕಿತ್ತು.