ವಿಜಯಪುರದ ಪಿನ್ ಕೋಡ್ ಅವಿಭಾಜ್ಯವೇ?

ಪ್ರಶ್ನೆ: ಸರ, ನಮ್ಮ ವಿಜಯಪುರದ ಪಿನ್ ಕೋಡ್ 586101 ಅವಿಭಾಜ್ಯ ಸಂಖ್ಯೆ ಐತೇನ್ರಿ? ಇಷ್ಟು ದೊಡ್ಡ ಸಂಖ್ಯೆ ಪರೀಕ್ಷೆ ಮಾಡಾಕ ಎಲ್ಲೀತನಕ ಭಾಗಿಸ್ಕೋತ ಹೋಗಬೇಕ್ರಿ?

ಉತ್ತರ: ಅಲ್ಲ. ಅಂಕಿಗಳನ್ನು ಕೂಡಿಸಿ: 5+8+6+1+0+1 = 21. ಇದು 3ರ ಮಗ್ಗಿಯಲ್ಲಿದೆ, ಹಾಗಾಗಿ 586101 ಕೂಡ 3ರಿಂದ ಭಾಗವಾಗುತ್ತದೆ. 10, 100, 1000 ಯಾವುದನ್ನು 3ರಿಂದ ಭಾಗಿಸಿದರೂ ಶೇಷ 1 ತಾನೇ? ಅದಕ್ಕೇ ಸ್ಥಾನಬೆಲೆ ಮರೆತು ಬರೀ ಅಂಕಿ ಕೂಡಿಸಿದರೂ ನಡೆಯುತ್ತದೆ. ಬೆಳಗಾವಿಯ 590001 ಕೂಡ ಇದೇ ಪೆಟ್ಟಿಗೆ ಬೀಳುತ್ತದೆ. ಬಾಗಲಕೋಟೆಯ 587101 ಮಾತ್ರ ಇಷ್ಟಕ್ಕೆ ಬಗ್ಗುವ ಜಾತಿಯಲ್ಲ. ಅದರ ಮೊತ್ತ 22. (1972ರಲ್ಲಿ ಬಂದ ಈ ಸಂಖ್ಯೆಗಳ ಮೊದಲ ಮೂರಂಕಿ ಟಪಾಲು ವಿಂಗಡಣೆಗೆ, ಕೊನೆಯ ಮೂರು ಅಂಚೆ ಕಚೇರಿಗೆ. ಗಣಿತ ಹುಡುಕುವ ಚಟ ನಮ್ಮದು.)

ನಿಮ್ಮ ಎರಡನೇ ಪ್ರಶ್ನೆಯೇ ನಿಜವಾದ ಪ್ರಶ್ನೆ. ಅಪವರ್ತನಗಳು ಜೋಡಿಯಾಗಿ ಬರುತ್ತವೆ. ಜೋಡಿಯ ಎರಡೂ 766 ಅಥವಾ ಅದಕ್ಕಿಂತ ದೊಡ್ಡವಾದರೆ ಗುಣಲಬ್ಧ ಕನಿಷ್ಠ 766×766 = 586756, ನಮ್ಮ ಸಂಖ್ಯೆಯನ್ನು ದಾಟಿಹೋಯಿತು. ಅಂದರೆ ಒಂದಾದರೂ 765ರೊಳಗೆ ಇರಲೇಬೇಕು. ವರ್ಗಮೂಲದ ತನಕ ಸಾಕು ಎನ್ನುವುದು ಇದಕ್ಕೇ. ಅದರಲ್ಲೂ ಅವಿಭಾಜ್ಯಗಳು ಮಾತ್ರ ಸಾಕು: 2ರಿಂದ ಆಗದ್ದು 6ರಿಂದ ಹೇಗೆ ಆದೀತು? ಆರು ಲಕ್ಷದ ಹತ್ತಿರದ ಈ ಸಂಖ್ಯೆಗೆ ಹೆಚ್ಚೆಂದರೆ 135 ಭಾಗಾಕಾರ.

ಈಗ 3ರಿಂದ ಭಾಗಿಸಿ ಉಳಿದ 195367 ನೋಡೋಣ. ಕೊನೆಯ ಅಂಕಿ 7, ಅಂಕಿಗಳ ಮೊತ್ತ 31, ಹಾಗಾಗಿ 2, 3, 5 ಇಲ್ಲ. 7×11×13 = 1001 ಆದ್ದರಿಂದ ಮೂರನ್ನೂ ಒಂದೇ ಕಳೆಯುವ ಲೆಕ್ಕದಲ್ಲಿ ಮುಗಿಸಬಹುದು: 195367 ಅಂದರೆ 195×1001ಕ್ಕೆ ಮೇಲೆ ಉಳಿಯುವುದು 367ರಲ್ಲಿ 195 ಕಳೆದ 172. ಇದು 7, 11, 13 ಯಾವುದರ ಮಗ್ಗಿಯಲ್ಲೂ ಇಲ್ಲ, ಹಾಗಾಗಿ 195367 ಕೂಡ ಇಲ್ಲ. 17ರಿಂದ 73ರ ತನಕ ಬರೀ ಬೆವರು. 79ಕ್ಕೆ ಬಂದಾಗ ಶೇಷ ಸೊನ್ನೆ, ಭಾಗಲಬ್ಧ 2473!

ಇಲ್ಲಿ ಅನೇಕರು 2473ಕ್ಕೆ ಮತ್ತೆ 2, 3, 5 ಅಂತ ಮೊದಲಿನಿಂದ ಶುರು ಮಾಡುತ್ತಾರೆ. ಬೇಕಿಲ್ಲ. ಅದರ ವರ್ಗಮೂಲ 50ರೊಳಗೇ ಇದೆ. 50ರೊಳಗಿನ ಯಾವುದೇ ಅವಿಭಾಜ್ಯ ಅದನ್ನು ಭಾಗಿಸುವಂತಿದ್ದರೆ 195367ರ ಸರದಿಯಲ್ಲೇ ಸಿಕ್ಕಿಬೀಳುತ್ತಿತ್ತು. ಆದ್ದರಿಂದ 2473 ಅವಿಭಾಜ್ಯ, ಮತ್ತು 586101 = 3×79×2473.

ಬಾಗಲಕೋಟೆಯವರು ತಮ್ಮ ಸಂಖ್ಯೆಗೆ ಕೈ ಹಚ್ಚಬಹುದು. 2, 3, 5 ಆಗಲೇ ಹೋದವು. 587ರಲ್ಲಿ 101 ಕಳೆದರೆ 486, ಹಾಗಾಗಿ 7, 11, 13 ಕೂಡ ಹೋದವು. 17ರಿಂದ ಶುರು ಮಾಡಿ, 761 ದಾಟಬೇಡಿ.